‘ಹೊಟ್ಟಿ ನೋಯಾಕತ್ತೈತಿ, ಟೀಚರ್’

ಸೋಮವಾರ ಪ್ರಾರ್ಥನೆ ಮುಗಿದು ಹಾಜರಿ ಕೂಗುವ ಹೊತ್ತು. ಮೂರನೇ ತರಗತಿಯ ಹುಡುಗನೊಬ್ಬ ಹೊಟ್ಟೆ ಹಿಡಿದುಕೊಂಡು ಮೇಜಿನ ಹತ್ತಿರ ಬಂದು ನಿಲ್ಲುತ್ತಾನೆ. ‘ಹೊಟ್ಟಿ ನೋಯಾಕತ್ತೈತಿ, ಟೀಚರ್. ಮನಿಗಿ ಹೋಗ್ಲೇನ್ರಿ?’ ರಾಯಚೂರು ಜಿಲ್ಲೆಯಲ್ಲಿ ಶಕ್ತಿನಗರದ ಕಾಲೊನಿಯಿಂದ ಹಿಡಿದು ದೇವದುರ್ಗದ ತಾಂಡಾ, ಮಾನ್ವಿಯ ಕ್ಯಾಂಪುಗಳವರೆಗೆ ಈ ಮಾತನ್ನು ಕೇಳದ ಪ್ರಾಥಮಿಕ ಶಾಲೆ ಶಿಕ್ಷಕರು ಸಿಗುವುದು ಕಷ್ಟ. ಉತ್ತರವೂ ಸಾಮಾನ್ಯವಾಗಿ ಎರಡೇ. ‘ನಾಟಕ ಮಾಡಬ್ಯಾಡ, ಹೋಗಿ ಕುಂದ್ರು’ ಎನ್ನುವುದು ಒಂದು. ‘ಹೋಗಪಾ’ ಎಂದು ಕಳಿಸಿಬಿಡುವುದು ಇನ್ನೊಂದು. ಎರಡರಲ್ಲೂ ಹುಡುಗ ಹೇಳಲು ಬಂದ ಸಂಗತಿ ಹೊಟ್ಟೆಯಲ್ಲೇ ಉಳಿಯುತ್ತದೆ.

ಕನ್ನಡದವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೇ ಇರಬಾರದು. ನಮ್ಮ ಭಾಷೆ ಮನಸ್ಸನ್ನು ಮೊದಲಿನಿಂದಲೂ ಹೊಟ್ಟೆಯಲ್ಲೇ ಇಟ್ಟಿದೆ. ಮತ್ಸರಕ್ಕೆ ಹೊಟ್ಟೆಕಿಚ್ಚು ಎನ್ನುತ್ತೇವೆ. ಕನಿಕರ ಬಂದರೆ ಕರುಳು ಚುರ್ರೆನ್ನುತ್ತದೆ. ಕ್ಷಮಿಸು ಎನ್ನಬೇಕಾದಲ್ಲಿ ಹೊಟ್ಟೆಗೆ ಹಾಕಿಕೋ ಎನ್ನುತ್ತೇವೆ. ವೈದ್ಯರು ಹೇಳುವುದೂ ಇದಕ್ಕಿಂತ ಬಹಳ ಬೇರೆಯಲ್ಲ. ಅಂಜಿದಾಗ ದೇಹ ಓಡಲು ಸಜ್ಜಾಗುತ್ತದೆ. ಎದೆಬಡಿತ ಏರುತ್ತದೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ, ಕರುಳು ಹಿಂಡಿದಂತಾಗುತ್ತದೆ. ಎಂಟು ವರ್ಷದ ಮಗುವಿಗೆ ‘ನನಗೆ ಆತಂಕವಾಗಿದೆ’ ಎಂಬ ವಾಕ್ಯ ಬರುವುದಿಲ್ಲ, ಹೊಟ್ಟೆನೋವು ಮಾತ್ರ ಬರುತ್ತದೆ. ಆ ನೋವು ಸುಳ್ಳಲ್ಲ.

ಆದ್ದರಿಂದ ಮೊದಲು ಕೇಳಬೇಕಾದದ್ದು, ‘ಬೆಳಿಗ್ಗಿ ಏನು ತಿಂದಿ?’ ನಮ್ಮ ಕಡೆ ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ. ಹಸಿವು, ಜಂತುಹುಳು, ಎರಡು ದಿನದಿಂದ ಸಂಡಾಸಕ್ಕೆ ಹೋಗದಿರುವುದು ಇವನ್ನೆಲ್ಲ ಬದಿಗೆ ಸರಿಸಿದ ಮೇಲೆ ಮನಸ್ಸಿನ ವಿಚಾರಕ್ಕೆ ಬರಬೇಕು. ಜ್ವರ, ವಾಂತಿ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು ಇದ್ದರೆ ಯೋಚಿಸುತ್ತ ಕೂರದೆ ದವಾಖಾನೆಗೆ ಕರೆದೊಯ್ಯಬೇಕು. ಇವು ಯಾವುವೂ ಇಲ್ಲದಿದ್ದರೆ ಎರಡು ವಾರ ಒಂದು ಸಣ್ಣ ಟಿಪ್ಪಣಿ ಇಡಿ: ನೋವು ಯಾವ ದಿನ ಬಂತು, ಯಾವ ಹೊತ್ತಿಗೆ ಬಂತು, ಹಿಂದಿನ ರಾತ್ರಿ ಮನೆಯಲ್ಲಿ ಯಾರಿದ್ದರು. ಗಣಿತದ ಅವಧಿಗೆ ಮೊದಲು ಮಾತ್ರ ಬರುವ ನೋವು, ಸೋಮವಾರಗಳಂದು ಮಾತ್ರ ಬರುವ ನೋವು, ರಜೆಯಲ್ಲಿ ಸುಳಿಯದ ನೋವು, ಒಂದೊಂದರ ಕಥೆಯೂ ಬೇರೆ. ಆ ಮೂರನೇ ಅಂಕಣ, ‘ಮನೆಯಲ್ಲಿ ಯಾರಿದ್ದರು’ ಎಂಬುದು, ರಾಯಚೂರು ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ.

ಯಾವಾಗ ಬರ್ತಿ?

ಕೃಷ್ಣೆಯ ದಂಡೆಯ ಶಕ್ತಿನಗರ ಪಾಳಿಯ ಊರು. ಇಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಇವತ್ತು 8 ಘಟಕಗಳು, 1,720 ಮೆಗಾವ್ಯಾಟ್ ಸಾಮರ್ಥ್ಯ. ರಾಜ್ಯಕ್ಕೆ ಬೆಳಕು ಕೊಡಲು ಇಲ್ಲಿ ಯಾರೋ ಒಬ್ಬರ ಅಪ್ಪ ರಾತ್ರಿಯಿಡೀ ಎದ್ದಿರಬೇಕು. ಕಾಯಂ ನೌಕರರ ಕ್ವಾರ್ಟರ್ಸ್ ಇರಲಿ, ದೇವಸೂಗೂರಿನಲ್ಲಿ ಬಾಡಿಗೆಗಿರುವ ಗುತ್ತಿಗೆ ಕಾರ್ಮಿಕರ ಒಂದೇ ಕೋಣೆಯ ಮನೆ ಇರಲಿ, ಮಕ್ಕಳು ಕಲಿಯುವ ಮೊದಲ ಶಿಸ್ತು ಒಂದೇ: ‘ಸುಮ್ನಿರ್ರಿ, ಅಪ್ಪ ನೈಟ್ ಮಾಡಿ ಬಂದು ಮಲಗ್ಯಾನ.’ ಈ ವಾರ ಸಂಜೆ ಆಡಿಸಿದ ಅಪ್ಪ ಮುಂದಿನ ವಾರ ಸಂಜೆ ಮನೆಯಲ್ಲೇ ಇರುವುದಿಲ್ಲ. ದೊಡ್ಡವರಿಗೆ ಅದು ಡ್ಯೂಟಿ ಬದಲಾದದ್ದು. ಆರು ವರ್ಷದ ಮಗುವಿಗೆ ಮಾತ್ರ ಅಪ್ಪನೇ ಬದಲಾದಂತೆ.

ದೇವದುರ್ಗ, ಮಾನ್ವಿ, ಲಿಂಗಸುಗೂರಿನ ಕಡೆ ಹೊರಟರೆ ಪಾಳಿಯ ಜಾಗಕ್ಕೆ ಗುಳೆ ಬರುತ್ತದೆ. ನಾರಾಯಣಪುರ ಬಲದಂಡೆಯ ನೀರು, ತುಂಗಭದ್ರಾ ಎಡದಂಡೆಯ ನೀರು ಮುಟ್ಟಿದ ಹೊಲಗಳು ಒಂದು ಕಡೆ, ಕಾಲುವೆಯ ಕೊನೆಯವರೆಗೆ ಬಾರದ ನೀರಿಗೆ ಕಾದು ಬೇಸತ್ತ ಹೊಲಗಳು ಇನ್ನೊಂದು ಕಡೆ. ಗಂಡ ಹೆಂಡತಿ ಬೆಂಗಳೂರು, ಹೈದರಾಬಾದು, ಪುಣೆಯ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಶಾಲೆ ಬಿಡಿಸಬಾರದೆಂದು ಮಗುವನ್ನು ಮುದುಕಿಯ ಹತ್ತಿರ ಬಿಡುತ್ತಾರೆ. ಬಿಡುವುದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ, ಹೊಟ್ಟೆಪಾಡಿನ ಲೆಕ್ಕ ಅದು. ಹೊರಡುವ ರೀತಿಯ ಬಗ್ಗೆ ಮಾತ್ರ ಹೇಳಲೇಬೇಕು. ಬಹಳ ಜನ ನಸುಕಿನ ಬಸ್ಸಿಗೆ, ಮಗು ಮಲಗಿರುವಾಗಲೇ ಹೊರಟುಬಿಡುತ್ತಾರೆ. ‘ಎಚ್ಚರಿದ್ರ ಅಳತೈತಿ, ನೋಡಾಕಾಗಂಗಿಲ್ಲ.’ ಅಳು ನಮಗೆ ತಪ್ಪುತ್ತದೆ, ಮಗುವಿಗೆ ತಪ್ಪುವುದಿಲ್ಲ. ಎದ್ದು ನೋಡಿದಾಗ ಅವ್ವ ಇಲ್ಲದ ಮಗು ಒಂದು ಪಾಠ ಕಲಿಯುತ್ತದೆ: ಕಣ್ಣು ಮುಚ್ಚಿದರೆ ಜನ ಹೋಗಿಬಿಡುತ್ತಾರೆ. ಅಲ್ಲಿಂದ ಮುಂದೆ ರಾತ್ರಿ ನಿದ್ದೆಗೆ ಒಲ್ಲೆ ಎನ್ನುವುದು, ಅಜ್ಜಿಯ ಸೆರಗು ಬಿಡದಿರುವುದು, ವರ್ಷಗಟ್ಟಲೆ ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗುವುದು ಶುರುವಾದರೆ ಅದು ಹಟವಲ್ಲ. ಕಾವಲು.

ಮಾಡಬೇಕಾದ್ದು ಕಷ್ಟದ್ದಲ್ಲ, ಆದರೆ ಎದೆ ಗಟ್ಟಿ ಮಾಡಿಕೊಂಡು ಮಾಡಬೇಕು. ಹೊರಡುವ ನಾಲ್ಕೈದು ದಿನ ಮೊದಲೇ ಹೇಳಿ. ಎಲ್ಲಿಗೆ, ಯಾಕೆ, ಯಾರ ಜೊತೆ, ನೀನು ಯಾರ ಹತ್ತಿರ ಮಲಗುತ್ತೀ, ಜ್ವರ ಬಂದರೆ ಯಾರಿಗೆ ಹೇಳಬೇಕು. ‘ನಾಕ ದಿನದಾಗ ಬರ್ತೀನಿ’ ಎಂಬ ಸುಳ್ಳು ಬೇಡ. ನಾಲ್ಕು ದಿನ ಎಣಿಸಿದ ಮಗು ಐದನೆಯ ದಿನದಿಂದ ನಿಮ್ಮ ಯಾವ ಮಾತನ್ನೂ ಎಣಿಸುವುದಿಲ್ಲ. ಮಕ್ಕಳಿಗೆ ತಿಂಗಳ ಲೆಕ್ಕ ತಿಳಿಯುವುದಿಲ್ಲ, ಹಬ್ಬದ ಲೆಕ್ಕ ತಿಳಿಯುತ್ತದೆ. ‘ಎಳ್ಳಮಾಸಿ ಮುಗೀತದ, ಜಾತ್ರಿ ಆಗ್ತದ, ಉಗಾದಿಗೆ ನಾವು ಬರ್ತೀವಿ’ ಎಂದರೆ ಅದಕ್ಕೆ ದಾರಿ ಕಾಣುತ್ತದೆ. ಒಂದು ಡಬ್ಬಿಯಲ್ಲಿ ವಾರಕ್ಕೊಂದರಂತೆ ಹುಣಸೆ ಬೀಜ ಎಣಿಸಿಡಿ. ಪ್ರತಿ ಭಾನುವಾರ ಮಗು ತಾನೇ ಒಂದು ಬೀಜ ತೆಗೆದು ಹೊರಗಿಡಲಿ. ಡಬ್ಬಿ ಖಾಲಿಯಾಗುವುದನ್ನು ಕೈಯಲ್ಲಿ ಮುಟ್ಟಿ ನೋಡುವ ಮಗು ಕಾಯಬಲ್ಲದು. ಬರುವುದು ತಡವಾದರೆ ಫೋನಿನಲ್ಲಿ ಅಜ್ಜಿಗಲ್ಲ, ಮಗುವಿಗೇ ಹೇಳಿ, ಅದರ ಕೈಯಿಂದಲೇ ಡಬ್ಬಿಗೆ ಬೀಜ ಹಾಕಿಸಿ.

ಮಲಗಲು ಅವ್ವನ ಹಳೆ ಸೀರೆಯ ಕೌದಿ ಇದ್ದರೆ ಅದೇ ಇರಲಿ, ಹೊಸ ರಗ್ಗು ತರಬೇಡಿ. ನಮ್ಮ ಕಡೆಯ ಹೆಣ್ಣುಮಕ್ಕಳು ಚೂರು ಬಟ್ಟೆ ಜೋಡಿಸಿ ಹೊಲಿಯುವ ಕೌದಿಯಲ್ಲಿ ಬಿಸುಪಿನ ಜೊತೆ ವಾಸನೆಯೂ ಇದೆ. ಮಗುವಿಗೆ ಆ ವಾಸನೆ ಗುರುತು. ಅದನ್ನು ಒಗೆಯುವ ಅವಸರವೂ ಬೇಡ.

ಫೋನು ದಿನಾ ಮಾಡಬೇಕೆಂದೇನಿಲ್ಲ, ಆದರೆ ಹೇಳಿದ ಹೊತ್ತಿಗೆ ಮಾಡಬೇಕು. ಬುಧವಾರ, ಭಾನುವಾರ ರಾತ್ರಿ ಎಂಟಕ್ಕೆ ಎಂದರೆ ಎಂಟಕ್ಕೇ. ಎತ್ತಿದ ಕೂಡಲೇ ‘ಚೆಂದ ಓದಾಕತ್ತೀಯಿಲ್ಲೋ?’ ಎಂದರೆ ಮಗು ‘ಹೂಂ’ ಎಂದು ಫೋನನ್ನು ಅಜ್ಜಿಗೆ ದಾಟಿಸುತ್ತದೆ. ‘ಇವತ್ತು ಯಾರ ಜೋಡಿ ಆಡಿದಿ? ಆಕಳಾ ಕರ ಹಾಕ್ತೇನು?’ ಎಂದು ಶುರು ಮಾಡಿ, ಓದಿನ ವಿಚಾರ ಆಮೇಲೆ ಬರಲಿ. ಮನೆಯಲ್ಲಿರುವ ಹಿರಿಯರಿಗೆ ಒಂದೇ ಕೋರಿಕೆ. ಮಗು ಗಲಾಟೆ ಮಾಡಿದಾಗ ‘ಹಿಂಗ ಮಾಡಿದ್ರ ನಿಮ್ಮವ್ವ ಬರಂಗೇ ಇಲ್ಲ ನೋಡು’ ಎನ್ನುವ ಹಳೆಯ ಬೆದರಿಕೆ ಬಿಟ್ಟುಬಿಡಿ. ನೀವು ತಮಾಷೆಗೆ ಅಂದದ್ದನ್ನು ಅದು ರಾತ್ರಿಯಿಡೀ ನಿಜವೆಂದು ನಂಬುತ್ತದೆ.

ಶಕ್ತಿನಗರದ ಮನೆಗಳಿಗೆ ಇದೇ ಉಪಾಯ ಇನ್ನೂ ಸುಲಭ. ಕ್ಯಾಲೆಂಡರಿನಲ್ಲಿ ಅಪ್ಪನ ಪಾಳಿಯನ್ನು ಮಗುವಿನ ಕೈಯಿಂದಲೇ ಬರೆಸಿ, ಬೆಳಗಿನ ಪಾಳಿಗೆ ಸೂರ್ಯ, ರಾತ್ರಿ ಪಾಳಿಗೆ ಚಂದ್ರ. ನೈಟ್ ಇರುವ ವಾರ ಅಪ್ಪ ಮಲಗುವ ಮೊದಲು ಹತ್ತು ನಿಮಿಷ ಮಗುವಿನ ಜೊತೆ ಚಹಾ ಕುಡಿಯಲಿ, ಶಾಲೆಗೆ ಬಿಟ್ಟು ಬಂದು ಮಲಗಲಿ. ಹೊತ್ತು ಬದಲಾದರೂ ಹತ್ತು ನಿಮಿಷ ಬದಲಾಗಬಾರದು. ಮಕ್ಕಳ ಮನಸ್ಸಿನ ಬಗ್ಗೆ ಸಾವಿರ ಪುಸ್ತಕ ಬಂದಿವೆ. ಅವುಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಬಂದು ನಿಲ್ಲುವುದು ಈ ಒಂದು ಮಾತಿನಲ್ಲಿ: ಮಗುವಿಗೆ ದಿನವಿಡೀ ಜೊತೆಗಿರುವ ದೊಡ್ಡವರು ಬೇಡ, ಬರುತ್ತೇನೆಂದ ಹೊತ್ತಿಗೆ ಬರುವವರು ಬೇಕು.

ಮಕ್ಕಳನ್ನು ಜೊತೆಗೇ ಕರೆದೊಯ್ಯುವವರಿಗೆ ಒಂದು ಮಾತು ತಿಳಿದಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಹೋದ ಊರಿನ ಸರ್ಕಾರಿ ಶಾಲೆ, ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಮಧ್ಯೆ ಶಾಲೆ ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಹತ್ತು ವರ್ಷದವನನ್ನು ಆರು ವರ್ಷದವರ ನಡುವೆ ಕೂರಿಸಿದರೆ ಅವನು ಅಕ್ಷರಕ್ಕಿಂತ ಮೊದಲು ನಾಚಿಕೆ ಕಲಿಯುತ್ತಾನೆ.

ತರಗತಿಯಲ್ಲಿ ಈಗಾಗಲೇ ಇರುವುದು

ಶಿಕ್ಷಕರಿಗೆ ಇನ್ನೊಂದು ಹೊರೆ ಹೊರಿಸುವ ಆಸೆ ನನಗಿಲ್ಲ. ಗಣತಿ, ಆ್ಯಪ್, ಮೊಟ್ಟೆ ಲೆಕ್ಕ, ತರಬೇತಿ ಇವುಗಳ ನಡುವೆ ‘ಮಕ್ಕಳ ಮಾನಸಿಕ ಆರೋಗ್ಯ’ ಎಂಬ ಹೊಸ ರಿಜಿಸ್ಟರ್ ಒಂದು ಬಂದರೆ ಅದೂ ಬೀರು ಸೇರುತ್ತದೆ. ಅದೃಷ್ಟಕ್ಕೆ, ಬೇಕಾದ ಸಾಮಾನು ಬಹಳ ಮಟ್ಟಿಗೆ ಕೋಣೆಯಲ್ಲೇ ಇದೆ.

ನಲಿಕಲಿಯನ್ನೇ ನೋಡಿ. 1990ರ ದಶಕದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಬಂದ ಪದ್ಧತಿ ಇದು. ಮಕ್ಕಳು ಸಾಲಾಗಿ ಕೂರದೆ ತಟ್ಟೆಗಳಲ್ಲಿ, ಎಂದರೆ ಗುಂಪುಗಳಲ್ಲಿ, ದುಂಡಗೆ ಕೂರುತ್ತಾರೆ. ತಲೆಯ ಮೇಲೆ ಕಲಿಕಾ ಚಪ್ಪರ, ಕೈಗೆಟುಕುವ ಎತ್ತರದಲ್ಲಿ ಗೋಡೆ ಸ್ಲೇಟು, ಪಕ್ಕದಲ್ಲಿ ಹವಾಮಾನ ನಕ್ಷೆ. ದಿನಾ ಬೆಳಿಗ್ಗೆ ಮಗುವೊಂದು ಎದ್ದು ಹೋಗಿ ಇವತ್ತು ಬಿಸಿಲೋ ಮೋಡವೋ ಮಳೆಯೋ ಎಂದು ಗುರುತು ಹಾಕುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಹಾಳೆ ತೂಗುಹಾಕಿ: ‘ಇವತ್ತು ನನ್ನೊಳಗ ಹೆಂಗೈತಿ?’ ಬಿಸಿಲು, ಮೋಡ, ಗಾಳಿ, ಮಳೆ, ಗುಡುಗು. ಮಗು ತನ್ನ ಹೆಸರಿನ ಚೀಟಿಯನ್ನು ಒಂದರ ಕೆಳಗೆ ಸಿಕ್ಕಿಸಲಿ. ಯಾಕೆ ಎಂದು ಎಲ್ಲರೆದುರು ಕೇಳಬೇಡಿ. ಮೂರು ದಿನ ಒಂದೇ ಸಮನೆ ಗುಡುಗಿನ ಕೆಳಗೆ ಕೂತ ಹೆಸರಿನ ಹುಡುಗಿಯನ್ನು ಊಟದ ಹೊತ್ತಿನಲ್ಲಿ ನೀರು ತರಲು ಜೊತೆಗೆ ಕರೆಯಿರಿ. ಮಕ್ಕಳು ಎದುರುಬದುರು ಕೂತಾಗ ಹೇಳದ್ದನ್ನು ಜೊತೆಯಲ್ಲಿ ನಡೆಯುವಾಗ ಹೇಳುತ್ತಾರೆ.

ಮಾತು ಯಾವುದು ಎಂಬುದೂ ಮುಖ್ಯ. ಪಠ್ಯದ ಕನ್ನಡದಲ್ಲಿ ‘ದುಃಖ, ಕೋಪ, ಭಯ, ಸಂತೋಷ’ ಎಂಬ ನಾಲ್ಕು ಡಬ್ಬಿಗಳಿವೆ. ನಮ್ಮ ಮಕ್ಕಳ ಬಾಯಲ್ಲಿ ಎಷ್ಟಿವೆ ನೋಡಿ: ಸಿಟ್ಟು, ಸೆಟಗೊಳ್ಳೋದು, ಮುನಿಸು, ಅಂಜಿಕಿ, ದಿಗಿಲು, ಬ್ಯಾಸರ, ಸಂಕಟ, ತಳಮಳ, ನಾಚಿಕಿ, ಅವಮಾನ, ಮಾರಿ ಸಣ್ಣದಾಗೋದು, ಜೀವ ಝಲ್ ಅನ್ನೋದು. ಸಿಟ್ಟಿಗೂ ಸೆಟೆಯುವುದಕ್ಕೂ ಇರುವ ಅಂತರ ನಮ್ಮ ಎರಡನೇ ತರಗತಿಯ ಹುಡುಗಿಗೆ ಸ್ಪಷ್ಟವಾಗಿ ಗೊತ್ತು. ಮೊದಲನೆಯದಕ್ಕೆ ಜಾಗ ಬೇಕು, ಎರಡನೆಯದಕ್ಕೆ ಯಾರಾದರೂ ಬಂದು ಕರೆಯಬೇಕು. ಗೋಡೆ ಸ್ಲೇಟಿನ ಮೇಲೆ ವಾರಕ್ಕೊಂದು ಇಂಥ ಪದ ಬರೆದು, ಯಾವಾಗ ಹಾಗೆ ಆಗುತ್ತದೆ ಎಂದು ಕೇಳಿ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಕ್ಕಳಿದ್ದರೆ ಅದೇ ಪದವನ್ನು ಅವರ ಮಾತಿನಲ್ಲಿ ಹೇಳಲು ಬಿಡಿ. ಅಳು ಬಂದ ಮಗುವಿಗೆ ಮೊದಲು ಕನ್ನಡ ತಿದ್ದುವ ಕೆಲಸವನ್ನಂತೂ ಮಾಡಲೇಬಾರದು.

ಸಿಟ್ಟು ನೆತ್ತಿಗೇರಿದ ಮಗುವಿಗೆ ಬುದ್ಧಿ ಹೇಳಿ ಉಪಯೋಗವಿಲ್ಲ. ಆ ಹೊತ್ತಿನಲ್ಲಿ ಅದಕ್ಕೆ ಮಾತು ಕೇಳಿಸುವುದೇ ಇಲ್ಲ. ಮೊದಲು ನಿಮ್ಮ ದನಿ ತಗ್ಗಲಿ, ಮೈ ತಗ್ಗಲಿ, ಎಂದರೆ ಮಂಡಿಯೂರಿ ಅದರ ಎತ್ತರಕ್ಕೆ ಬನ್ನಿ. ಉಸಿರಾಟದ ಅಭ್ಯಾಸ ಎಂದು ದೊಡ್ಡ ಹೆಸರು ಬೇಡ. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಬಿಸಿಯಿದ್ದಾಗ ಮಕ್ಕಳು ಊದಿ ಊದಿ ಆರಿಸುತ್ತಾರಲ್ಲ, ಅದೇ ಸಾಕು. ‘ಬಾ, ಹಾಲು ಆರಿಸೋಣು’ ಎಂದು ಬೊಗಸೆ ಹಿಡಿದು ಆರು ಸಲ ನಿಧಾನಕ್ಕೆ ಊದಿಸಿ. ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದು ಉದ್ದವಾದರೆ ಎದೆಬಡಿತ ಇಳಿಯುತ್ತದೆ. ಜಗಳವಿಲ್ಲದ ದಿನಗಳಲ್ಲಿ ಇದನ್ನು ಆಟವಾಗಿ ಕಲಿಸಿರಬೇಕು. ಬಾವಿ ತೋಡುವ ಕೆಲಸ ಬೆಂಕಿ ಬೀಳುವ ಮೊದಲೇ ಆಗಬೇಕಲ್ಲ.

ಶಾಲೆ ತೆರೆದ ಕೆಲವೇ ವಾರಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಮನೆಯಲ್ಲಿ ಮಕ್ಕಳು ಎತ್ತು ಮಾಡುತ್ತಾರೆ, ಶಾಲೆಯಲ್ಲಿ ಅಂದು ಪಾಠ ನಡೆಯುತ್ತದೆ. ಅಂದು ಶಾಲೆಯಲ್ಲೂ ಎತ್ತು ಆಗಬೇಕು ಎಂಬುದು ನನ್ನ ಅಭಿಪ್ರಾಯ. ಒಂದು ಬುಟ್ಟಿ ಎರೆ ಮಣ್ಣು ತರಿಸಿ, ಎತ್ತು ಮಾಡಿದ ಮೇಲೆ ‘ಈಗ ನಿಮ್ಮ ಮನ್ಯಾಗ ಇರೋರನ್ನ ಮಾಡ್ರಿ’ ಎಂದು ಹೇಳಿ ನೋಡಿ. ಮಗು ಯಾರನ್ನು ದೊಡ್ಡದು ಮಾಡಿತು, ಯಾರನ್ನು ದೂರ ಇಟ್ಟಿತು, ಯಾರನ್ನು ಮಾಡಲೇ ಇಲ್ಲ ಎಂಬುದನ್ನು ಗಮನಿಸಿ. ಅದರಿಂದ ತೀರ್ಮಾನ ಮಾಡಬೇಡಿ, ಕೇಳಲು ಒಂದು ಪ್ರಶ್ನೆ ಸಿಕ್ಕಿತು ಎಂದುಕೊಳ್ಳಿ. ಹಬ್ಬ ಮುಗಿದ ಮೇಲೂ ಮಣ್ಣು ಮೂಲೆಯಲ್ಲಿ ಇರಲಿ. ತಿಂಗಳ ಮೂರನೇ ಶನಿವಾರದ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರಕ್ಕೆ ಇದಕ್ಕಿಂತ ಅಗ್ಗದ ಸಾಮಗ್ರಿ ಸಿಗುವುದಿಲ್ಲ.

ಊಟದ ಸಾಲು ಇನ್ನೊಂದು ಕನ್ನಡಿ. ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು, ಬಿಸಿಯೂಟದ ಸದ್ದನ್ನು ರಾಜ್ಯದ ಉಳಿದೆಡೆಗಿಂತ ಮೊದಲು ಕೇಳಿದ ಶಾಲೆಗಳು ನಮ್ಮವು. ವಾರಕ್ಕೆ ಎರಡು ದಿನವಾದರೂ ಶಿಕ್ಷಕರು ಅದೇ ಸಾಲಿನಲ್ಲಿ ಕೂತು ಉಣ್ಣಲಿ. ಯಾವ ಮಗು ಒಂಟಿ, ಯಾರ ಪಕ್ಕ ಯಾರು ಕೂರುತ್ತಿಲ್ಲ, ಯಾರು ಮೊಟ್ಟೆ ಜೇಬಿಗೆ ಹಾಕಿಕೊಂಡು ತಮ್ಮನಿಗೆ ಒಯ್ಯುತ್ತಾರೆ ಎಂಬುದು ಹಾಜರಿ ಪುಸ್ತಕದಲ್ಲಿ ಸಿಗುವುದಿಲ್ಲ. ಜಾತಿ ಹೆಸರು ಹಿಡಿದು, ಬಣ್ಣ ಹಿಡಿದು, ‘ಗುಳೇದೋರು’ ಎಂದು ಹೀಯಾಳಿಸುವುದು ಊಟದ ಹೊತ್ತಲ್ಲೇ ಹೆಚ್ಚು. ಅದನ್ನು ‘ಮಕ್ಕಳಾಟ’ ಎಂದು ಬಿಡುವ ಶಿಕ್ಷಕರು ಆಟದಲ್ಲಿ ಒಂದು ಪಕ್ಷ ಸೇರಿದಂತೆಯೇ.

ಹೊಡೆತದ ಬಗ್ಗೆ ಎರಡು ಮಾತು ಸಾಕು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ಸರ, ಹೊಡೆದು ಬುದ್ಧಿ ಕಲಸ್ರಿ’ ಎಂದು ಪಾಲಕರೇ ಬಂದು ಹೇಳುತ್ತಾರೆ ನಿಜ. ಅವರ ಅನುಮತಿ ಕಾಯ್ದೆಯನ್ನು ಬದಲಿಸುವುದಿಲ್ಲ.

ದಡ್ಡ ಎನ್ನುವ ಮೊದಲು

ಮಂಕಾಗಿ ಕೂರುವ, ಕರೆದರೆ ತಿರುಗದ, ಸಣ್ಣದಕ್ಕೂ ಕಿರಿಕಿರಿ ಮಾಡುವ ಮಗುವಿನ ಮನಸ್ಸಿಗೆ ಹೋಗುವ ಮೊದಲು ಕಣ್ಣು, ಕಿವಿ, ರಕ್ತ ನೋಡಿಸಿ. ರಕ್ತಹೀನತೆ ಇರುವ ಮಗು ದಣಿಯುತ್ತದೆ, ಸಿಡುಕುತ್ತದೆ, ಗಮನ ಇಡಲಾರದು. ವಾರಕ್ಕೊಮ್ಮೆ ಶಾಲೆಯಲ್ಲಿ ಕೊಡುವ ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆ, ಆಗಾಗ ಕೊಡುವ ಜಂತುಹುಳು ಮಾತ್ರೆ ಇವೂ ಮನಸ್ಸಿನ ಔಷಧವೇ. ಖಾಲಿ ಹೊಟ್ಟೆಗೆ ಕೊಡದೆ ಊಟದ ಮೇಲೆ ಕೊಟ್ಟರೆ ‘ಗುಳಿಗಿ ತಗೊಂಡ್ರ ಹೊಟ್ಟಿ ತೊಳಸ್ತೈತಿ’ ಎಂದು ಓಡುವವರು ಕಡಿಮೆಯಾಗುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಶಾಲೆಗೆ ಬಂದ ದಿನ ಗೈರಾದ ಮಕ್ಕಳ ಪಟ್ಟಿ ಇಟ್ಟುಕೊಂಡು ಮತ್ತೆ ತೋರಿಸಿ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಗೈರಾಗುವ ಮಕ್ಕಳೇ ಸಾಮಾನ್ಯವಾಗಿ ಈ ತಪಾಸಣೆಯನ್ನೂ ತಪ್ಪಿಸಿಕೊಳ್ಳುವವರು.

ನಿದ್ದೆಯದೂ ಅದೇ ಲೆಕ್ಕ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು ಬೇಕು. ರಾಯಚೂರಿನ ಏಪ್ರಿಲ್ ರಾತ್ರಿಯಲ್ಲಿ ತಗಡಿನ ಮನೆಯೊಳಗೆ ಅಷ್ಟು ಹೊತ್ತು ಯಾರೂ ಮಲಗಲಾರರು. ಬೇಸಿಗೆಯಲ್ಲಿ ಮಕ್ಕಳು ತರಗತಿಯಲ್ಲಿ ತೂಕಡಿಸಿದರೆ ಹತ್ತು ನಿಮಿಷ ತೂಕಡಿಸಲಿ. ಆದರೆ ಮೊಬೈಲಿನ ಬೆಳಕಿನಲ್ಲಿ ಹನ್ನೊಂದರವರೆಗೆ ಎಚ್ಚರಿರುವುದಕ್ಕೆ ಬಿಸಿಲಿನ ನೆಪ ಇಲ್ಲ.

ಐದನೇ ತರಗತಿಯ ಮನೆಗಳಿಗೆ ಬೇರೆಯದೇ ಒಂದು ತಾಪ. ನವೋದಯ, ಮೊರಾರ್ಜಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆ. ಹತ್ತು ವರ್ಷದ ಮಕ್ಕಳನ್ನು ಬೆಳಿಗ್ಗೆ ಒಂದು ಕೋಚಿಂಗ್, ಸಂಜೆ ಒಂದು ಕೋಚಿಂಗ್ ಎಂದು ಅಟ್ಟುತ್ತಾರೆ. ಕೆಲವರನ್ನು ವಸತಿ ಕೋಚಿಂಗಿಗೇ ಬಿಡುತ್ತಾರೆ. ಒಂದು ನವೋದಯದ ಆರನೇ ತರಗತಿಯಲ್ಲಿ ಹೆಚ್ಚೆಂದರೆ 80 ಸೀಟು. ಅಷ್ಟಕ್ಕೆ ಇಡೀ ಜಿಲ್ಲೆಯ ಮಕ್ಕಳು ಬರೆಯುತ್ತಾರೆ, ಬಹುಪಾಲು ಮಕ್ಕಳಿಗೆ ಸೀಟು ಸಿಗುವುದಿಲ್ಲ. ಇದು ಲೆಕ್ಕ, ಮಗುವಿನ ಯೋಗ್ಯತೆಯಲ್ಲ. ಪರೀಕ್ಷೆ ಕಟ್ಟಿಸುವುದು ಬೇಡ ಎನ್ನುತ್ತಿಲ್ಲ. ಬರೆಯುವ ಮೊದಲೇ, ಫಲಿತಾಂಶಕ್ಕೆ ಮೊದಲೇ, ಸೀಟು ಸಿಗದಿದ್ದರೆ ಯಾವ ಶಾಲೆಗೆ ಹೋಗುತ್ತೀ ಎಂಬುದನ್ನು ಮಗುವಿನ ಜೊತೆ ಕೂತು ಖುಷಿಯಿಂದ ಮಾತಾಡಿಟ್ಟುಕೊಳ್ಳಿ. ಆ ಮಾತು ಆಗದ ಮನೆಯಲ್ಲಿ ಸೋತ ಮಗು ತನ್ನನ್ನು ಅಪ್ಪ ಕಟ್ಟಿದ ಫೀಸಿನ ಲೆಕ್ಕದಲ್ಲಿ ನೋಡಿಕೊಳ್ಳಲು ಶುರು ಮಾಡುತ್ತದೆ.

ಕುಡಿತ, ಜಗಳ ಇರುವ ಮನೆಯ ಮಗು ಒಳಗೊಳಗೇ ನಂಬಿರುವ ಸಂಗತಿ ಒಂದಿದೆ: ಇದೆಲ್ಲ ನನ್ನಿಂದ. ಅದು ಹಾಗಲ್ಲವೆಂದು ಯಾರಾದರೂ ಒಬ್ಬರು, ಅಜ್ಜಿಯೋ ಅತ್ತೆಯೋ ಟೀಚರೋ, ಬಾಯಿ ಬಿಟ್ಟು ಹೇಳಬೇಕು: ‘ದೊಡ್ಡೋರ ಜಗಳ ದೊಡ್ಡೋರದು. ನಿನ್ನ ತಪ್ಪು ಏನೂ ಇಲ್ಲ.’ ಒಂದು ಸಲ ಹೇಳಿದರೆ ಸಾಲದು.

ಯಾರ ಹತ್ತಿರ ಹೋಗುವುದು

ಎಲ್ಲ ಮುನಿಸಿಗೂ ವೈದ್ಯರು ಬೇಡ. ಎರಡು ವಾರ ದಾಟಿದರೂ ಮಗು ಆಟ ಬಿಟ್ಟಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಶಾಲೆಗೆ ಕಾಲೇ ಇಡದಿದ್ದರೆ, ಆರು ತಿಂಗಳಿಗೂ ಹೆಚ್ಚು ಕಾಲ ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದ್ದರೆ ತೋರಿಸಬೇಕು. ‘ಸತ್ತು ಹೋಗ್ತೀನಿ’ ಎಂದರೆ, ತನ್ನನ್ನೇ ಗಾಯ ಮಾಡಿಕೊಂಡರೆ ಎರಡು ವಾರ ಕಾಯಬೇಡಿ, ಅವತ್ತೇ ಹೊರಡಿ. ಮಾನಸಿಕ ತೊಂದರೆಗಳಲ್ಲಿ ಅರ್ಧದಷ್ಟು 14 ವರ್ಷದೊಳಗೇ ಬೇರು ಬಿಡುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಬೇಗ ತೋರಿಸಿದರೆ ಬೇಗ ಹಗುರಾಗುತ್ತದೆ.

ದೂರ ಹೋಗಬೇಕಿಲ್ಲ. ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಸಾಮಾನ್ಯವಾಗಿ ಮಂಗಳವಾರ. ಹೊರಡುವ ಮೊದಲು ಆಶಾ ಕಾರ್ಯಕರ್ತೆಯಿಂದ ದಿನ ಖಚಿತ ಮಾಡಿಕೊಳ್ಳಿ. ಮನೆಯಿಂದಲೇ ಮಾತಾಡಬೇಕೆಂದರೆ 14416, ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಹಗಲು ರಾತ್ರಿ ಇರುತ್ತದೆ, ಕಾಸು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪಾಲಕರು, ಶಿಕ್ಷಕರೂ ಸಲಹೆ ಕೇಳಬಹುದು. ‘ಹುಚ್ಚಾಸ್ಪತ್ರಿಗೆ ಹೋದ್ರಂತ’ ಎಂದು ಊರು ಆಡಿಕೊಳ್ಳುತ್ತದೆ ಎಂಬ ಅಳುಕಿದ್ದರೆ ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಔಷಧ ಕೊಡಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾಗಿ ಆಮೇಲೆ ದೇಶದಲ್ಲೆಲ್ಲ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ನಾಚಿಕೊಳ್ಳುವ ವಿಷಯ ಇದಾಗಿದ್ದರೆ ಆ ನಾಚಿಕೆಯನ್ನು ಮೊದಲು ಬಿಟ್ಟವರು ನಮ್ಮ ನೆರೆಯವರೇ. ದರ್ಗಾಕ್ಕೆ, ದೇವಸೂಗೂರಿನ ಸೂಗೂರೇಶ್ವರನ ಗುಡಿಗೆ ಹೋಗುವವರು ಹೋಗಿ ಬನ್ನಿ. ಬರುವಾಗ ದವಾಖಾನೆಗೂ ಇಳಿಯಿರಿ.

ಒಬ್ಬ ವ್ಯಕ್ತಿಯನ್ನು ಕಂಡರೆ ಮಾತ್ರ ಮಗು ಮುದುರಿದರೆ, ಒಂದು ಮನೆಗೆ ಹೋಗಲು ಮಾತ್ರ ಒಲ್ಲೆನೆಂದರೆ, ಮೈ ಮುಟ್ಟಿಸಿಕೊಳ್ಳಲು ಬೆಚ್ಚಿದರೆ ಕಿವಿ ನಿಮಿರಬೇಕು. ಮಗು ಏನಾದರೂ ಹೇಳಿದರೆ ನಂಬಿ. ‘ಹೇಳಿದ್ದು ಚಲೋ ಆತು’ ಎನ್ನಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಊರ ಹಿರಿಯರ ಕಟ್ಟೆಯಲ್ಲಿ ರಾಜಿ ಮಾಡಿಸುವ ಸಂಗತಿ ಇದಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ, ಸಮವಸ್ತ್ರವಿಲ್ಲದೆ ಬಂದ ಅಧಿಕಾರಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿ, ಬರೆದುಕೊಳ್ಳಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆಯನ್ನು ಕಾರ್ಯಾಲಯದ ಗೋಡೆಗಿಂತ ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ, ಕೈ ತೊಳೆಯುವ ನಲ್ಲಿಯ ಹತ್ತಿರ ಬರೆಸಿ.

ಕೊನೆಗೆ ಶಿಕ್ಷಕರ ಬಗ್ಗೆ. ನಮ್ಮ ಭಾಗದ ಶಾಲೆಗಳು ಬಹುಮಟ್ಟಿಗೆ ಅತಿಥಿ ಶಿಕ್ಷಕರ ಹೆಗಲ ಮೇಲೆ ನಡೆಯುತ್ತವೆ. ಮಾರ್ಚ್ ಮುಗಿಯುತ್ತಿದ್ದಂತೆ ಅವರ ಅವಧಿ ಮುಗಿಯುತ್ತದೆ, ಜೂನ್‌ನಲ್ಲಿ ಅದೇ ಶಾಲೆಗೆ ಮರಳುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಮನೆಯಲ್ಲಿ ಅವ್ವ ಅಪ್ಪ ಇಲ್ಲದ ಮಗುವಿಗೆ ವರ್ಷವಿಡೀ ಹೊತ್ತಿಗೆ ಸರಿಯಾಗಿ ಬಂದ ಒಬ್ಬರೇ ದೊಡ್ಡವರು ಆ ಟೀಚರ್ ಆಗಿರಬಹುದು. ಅವರೂ ಹೇಳದೆ ಹೋಗಬಾರದು. ಕೊನೆಯ ವಾರ ಮಕ್ಕಳಿಗೆ ತಿಳಿಸಲಿ, ಯಾವ ಊರಿಗೆ ಹೋಗುತ್ತೇನೆಂದು ನಕಾಶೆಯಲ್ಲಿ ತೋರಿಸಲಿ, ಪ್ರತಿ ಮಗುವಿನ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಆ ಮಗುವಿನ ಬಗ್ಗೆ ಮಾತ್ರ ಬರೆಯಬಹುದಾದ ಒಂದು ಸಾಲು ಬರೆಯಲಿ. ಹಾಗೆಯೇ ಮುಂದೆ ಬರುವವರಿಗಾಗಿ ಹಾಜರಿ ಪುಸ್ತಕದಲ್ಲಿ ಒಂದು ಚೀಟಿ ಇಡಲಿ: ಯಾವ ಮಗು ರಾತ್ರಿ ಯಾರ ಹತ್ತಿರ ಮಲಗುತ್ತದೆ, ಯಾರ ಅಪ್ಪನಿಗೆ ನೈಟ್ ಪಾಳಿ, ಯಾರ ಮನೆಯವರು ಉಗಾದಿಗೆ ಬರುತ್ತೇವೆಂದು ಹೇಳಿ ಹೋಗಿದ್ದಾರೆ, ಯಾರಿಗೆ ಸೋಮವಾರ ಹೊಟ್ಟೆ ನೋಯುತ್ತದೆ.